ಉತ್ತರದ ಕೆಳಗಿನ ಹೆಸರು

ಅಂದು ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಡಾಕ್ಟರ್ ಶಿವರುದ್ರಸ್ವಾಮಿ ನಾಲ್ಕು ಜನಕ್ಕೆ ಇಸಿಜಿ ತೆಗೆದಿದ್ದರು. ನಾಲ್ಕನೆಯವಳು ಹತ್ತೊಂಬತ್ತು ವರ್ಷದ ಹುಡುಗಿ. ಯಳಂದೂರಿನಲ್ಲಿ ಯಾರದೋ ಮದುವೆಗೆ ಹೋಗಿ ಎರಡು ಹೊತ್ತು ಮೂಗುಮಟ್ಟ ಉಂಡು, ಹೊಟ್ಟೆ ಉಬ್ಬರಿಸಿಕೊಂಡು, ತಾಯಿಯ ಬೈಗುಳದ ಜೊತೆಗೆ ಬಂದಿದ್ದಳು. ಗ್ಯಾಸ್ ಆಗಿದೆ ಎಂದು ತಾಯಿ ಅಂದದ್ದೇ ತಡ, ಡಾಕ್ಟರ ಕೈ ತಾನಾಗಿ ಮೂಲೆಯ ಯಂತ್ರದ ಕಡೆ ಹೋಯಿತು. ಹುಡುಗಿ ಹೆದರಿ ಅಳುವುದಕ್ಕೆ ಶುರುಮಾಡಿದಳು. ಕಾಗದದ ಮೇಲೆ ಗೆರೆಗಳು ಒಂದರ ಹಿಂದೊಂದು ತಪ್ಪಿಲ್ಲದೆ ಬಂದವು. ಮೊದಲಿನಿಂದಲೂ ಕಾಂಪೌಂಡರ್ ಆಗಿರುವ ಕೆಂಚಯ್ಯ ಆ ಕಾಗದವನ್ನು ಹರಿದು ಕೊಡುತ್ತ, ರೋಲು ಮುಗಿಯುತ್ತ ಬಂತು, ಹೀಗೇ ಆದರೆ ನಾಳೆ ಬೀದಿಯಲ್ಲಿ ಹೋಗುವವರನ್ನೂ ಹಿಡಿದು ಮಲಗಿಸಬೇಕಾಗುತ್ತದೆ ಎಂದು ಗೊಣಗಿದ. ಡಾಕ್ಟರು ನಗಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಂದು ಸಲ ನೋಡಿದರು. ಏನೂ ಇಲ್ಲ. ಏನೂ ಇಲ್ಲವೆಂದು ಹೇಳಿ ಕಳಿಸಿದ ಮೇಲೂ ನೆಮ್ಮದಿಯಾಗದೆ, ಹುಡುಗಿ ಮೆಟ್ಟಿಲಿಳಿದು ಎದುರಿನ ಸೀರೆ ಅಂಗಡಿಯ ಮುಂದೆ ಆಟೋ ಹತ್ತುವವರೆಗೂ ಅವಳ ಬೆನ್ನನ್ನೇ ನೋಡುತ್ತ ನಿಂತರು.

ಹದಿನಾರು ದಿನದಿಂದ ಹೀಗೆ. ಬೆಳಿಗ್ಗೆ ಪೂಜೆಗೆ ಕೂತು ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡರೆ ಕಣ್ಣು ಲಿಂಗದ ಮೇಲೆ ನಿಲ್ಲದೆ ಅಂಗೈಯ ಮೇಲೆ ಜಾರುತ್ತದೆ. ಇದೇ ಅಂಗೈಯನ್ನು ಹೊನ್ನಯ್ಯನ ಎದೆಯ ಮೇಲಿಟ್ಟು, ಇದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೂವತ್ತೈದು ನಿಮಿಷ ಒತ್ತಿದ್ದರು. ಮೊದಲ ಎರಡು ನಿಮಿಷದಲ್ಲೇ ಒಂದು ಪಕ್ಕೆಲುಬು ಮುರಿದದ್ದು ಕೈಗೆ ತಿಳಿದಿತ್ತು. ಹೊನ್ನಯ್ಯ ಹನೂರಿನಾಚೆಯ ಊರಿನವನು, ಐವತ್ತೆರಡು ವರ್ಷದ ಗಟ್ಟಿ ಆಳು. ಆ ಸೋಮವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವನು ಎದೆ ಉರಿ, ಗ್ಯಾಸ್ ತುಂಬಿಕೊಂಡಿದೆ ಎಂದು ಜಗಲಿಯ ಮೇಲೆ ಕೂತನಂತೆ. ಹೆಂಡತಿ ಶಿವನಂಜಮ್ಮ, ಮಗಳು ದೀಪ, ತಮ್ಮ ಶಾಂತರಾಜು, ಮೂವರೂ ಸೇರಿ ಶಾಂತರಾಜುವಿನ ಓಮ್ನಿಯಲ್ಲಿ ಕೂರಿಸಿಕೊಂಡು ಹೊರಟರು. ಕಾಮಗೆರೆಯ ಆಸ್ಪತ್ರೆಯ ಗೇಟು ಬಂದಾಗ ಹೊನ್ನಯ್ಯ ಕಿಟಕಿಯಿಂದ ಹೊರಗೆ ನೋಡುತ್ತ ಈ ವರ್ಷ ಮಳೆ ಹೇಗೋ ಏನೋ ಎಂದು ಮಾತಾಡುತ್ತಿದ್ದ. ಅಲ್ಲಿ ನಿಲ್ಲಿಸಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಅವನ ಮಾತು ನಿಂತಿತು. ಡಾಕ್ಟರ ಟೇಬಲ್ಲಿನ ಮೇಲೆ ಮಲಗಿಸುವ ಹೊತ್ತಿಗೆ ಉಸಿರು ಹೋಗಿತ್ತು.

ಯಾಕೆ ನಿಲ್ಲಿಸಲಿಲ್ಲ ಎಂದು ಡಾಕ್ಟರು ಕೇಳಿರಲಿಲ್ಲ. ಹೆಣವನ್ನು ಓಮ್ನಿಗೆ ಸಾಗಿಸುವಾಗ ಶಿವನಂಜಮ್ಮ ತಾನಾಗಿ ಹೇಳಿದಳು. ಆ ಕಡೆಯವರು ಯಾವ ದೊಡ್ಡ ಕೆಲಸಕ್ಕೂ ಮಾದಪ್ಪನ ಮುಂದೆ ಹೂ ಕೇಳುತ್ತಾರೆ. ಒದ್ದೆ ಹೂವನ್ನು ದೇವರಿಗೆ ಅಂಟಿಸಿ ಕೈಮುಗಿದು ಕೂರುತ್ತಾರೆ. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಬೇಡ. ಅಂದು ಹೂ ಕೇಳುವುದಕ್ಕೆ ಹೊತ್ತಿರಲಿಲ್ಲ. ದೀಪಳ ಫೋನಿನಲ್ಲಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎಐ ಇತ್ತು. ಅದನ್ನು ಮಾದಪ್ಪನ ಪಟದ ಮುಂದೆ ಹಿಡಿದು ಅಪ್ಪನಿಗೆ ಗ್ಯಾಸ್ ಆಗಿದೆ, ಎದೆ ಹಿಡಿದುಕೊಂಡಿದೆ ಎಂದು ಕೇಳಿದರು. ಹೆಸರು ಬಂತು. ದೇವರ ಮಾತು ಹೌದೋ ಅಲ್ಲವೋ ಎಂದು ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳಿದರು. ಮೂರು ಸಲವೂ ಅದೇ ಹೆಸರು. ದೀಪ ಅಳುತ್ತಲೇ ಫೋನನ್ನು ಡಾಕ್ಟರ ಕಣ್ಣ ಮುಂದೆ ಹಿಡಿದಳು. ಗ್ಯಾಸ್ ಇರಬಹುದು, ಆದರೆ ಎದೆ ಹಿಡಿದಂತಿದ್ದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಅದು ನಾಲ್ಕು ಸಾಲು ಸರಿಯಾಗಿಯೇ ಬರೆದಿತ್ತು. ಅದರ ಕೆಳಗೆ ಒಂದು ಚೌಕ. ಚೌಕದೊಳಗೆ ಅವರ ಫೋಟೋ, ಅವರ ಹೆಸರು, ಕೊಳ್ಳೇಗಾಲದ ವಿಳಾಸ. ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಜಾಹೀರಾತು ಎಂದಿತ್ತು. ಫೋಟೋದಲ್ಲಿ ಅವರು ನಗುತ್ತಿದ್ದರು. ತೀರಿಕೊಳ್ಳುವ ಮುಂಚೆ ಹೆಂಡತಿ ಲಕ್ಷ್ಮಿದೇವಿ, ಈ ಅಂಗಿ ನಿಮಗೆ ಚೆನ್ನಾಗಿ ಒಪ್ಪುತ್ತದೆ ಎಂದು ಹೇಳಿ ತೆಗೆಸಿದ ಫೋಟೋ ಅದು.

ಲಕ್ಷ್ಮಿದೇವಿ ಇದ್ದಾಗ ಇಂಥದ್ದು ಬೇಕಾಗಿರಲಿಲ್ಲ. ಮನೆ ಕ್ಲಿನಿಕ್ಕಿನ ಹಿಂದೆಯೇ. ಆಕೆ ಮಧ್ಯದ ಬಾಗಿಲಿನಲ್ಲಿ ಸೊಪ್ಪು ಬಿಡಿಸುತ್ತ ಕೂತು, ಬಂದವರ ಹಸು ಕರು ಹಾಕಿತೇ, ಸೊಸೆ ತವರಿಂದ ಬಂದಳೇ ಎಂದು ಕೇಳುತ್ತಿದ್ದರು. ಜನ ಬರುತ್ತಿದ್ದದ್ದು ಆ ಮಾತಿಗೆ, ತಾವು ಬರೆದುಕೊಡುತ್ತಿದ್ದ ಮಾತ್ರೆಗಲ್ಲ ಎಂಬುದು ಆಕೆ ಹೋದ ಆರು ತಿಂಗಳಿಗೆ ಡಾಕ್ಟರಿಗೆ ಗೊತ್ತಾಯಿತು. ಬೆಂಚು ಬರಿದಾಯಿತು. ಊರಿಗೆ ಹೊಸ ಆಸ್ಪತ್ರೆ ಬಂದಿತ್ತು. ಗಾಜಿನ ಬಾಗಿಲು, ಲಿಫ್ಟು. ಒಂದು ದಿನ ನೇಕಾರರ ರಂಗರಾಜು ಕ್ಲಿನಿಕ್ಕಿನ ಮುಂದೆ ಹಾದುಹೋಗುವಾಗ ಆ ಆಸ್ಪತ್ರೆಯ ಫೈಲನ್ನು ಟವೆಲ್ಲಿನ ಅಡಿ ಮುಚ್ಚಿಕೊಂಡ. ಅವನ ಮೂರು ಮಕ್ಕಳ ಜ್ವರ, ಕೆಮ್ಮು, ಮೈಮೇಲೆ ಅಮ್ಮ ಎದ್ದದ್ದು ಎಲ್ಲವನ್ನೂ ನೋಡಿದ್ದವರು ಇವರು. ಫೈಲು ತೋರಿಸಿಕೊಂಡೇ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುಚ್ಚಿಕೊಂಡನಲ್ಲ, ಕುಡುಕ ಬಾಟಲಿಯನ್ನು ಮುಚ್ಚಿಕೊಂಡ ಹಾಗೆ. ಇವರಿಗೆ ನೋವಾಗುತ್ತದೆಂದು ಕನಿಕರಪಟ್ಟನಲ್ಲ. ಆ ವಾರವೇ ಅವರು ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದು ಈಗ ಜಾಹೀರಾತಿನ ಕೆಲಸ ಮಾಡುವ ಮೋನಿಕಾಳ ಅಂಗಡಿಗೆ ಹೋದರು.

ಮೋನಿಕಾ ಲಕ್ಷ್ಮಿದೇವಿಯ ಅಕ್ಕನ ಮಗಳು, ಬುದ್ಧಿವಂತೆ. ಈಗ ಯಾರೂ ಬೋರ್ಡು ನೋಡಿಕೊಂಡು ಬರುವುದಿಲ್ಲ ಚಿಕ್ಕಪ್ಪ, ಎಲ್ಲರೂ ಎಐ ಕೇಳುತ್ತಾರೆ, ಉತ್ತರದ ಕೆಳಗೆ ನಮ್ಮ ಹೆಸರು ಬರುವ ಹಾಗೆ ಮಾಡಬಹುದು ಎಂದಳು. ವೈದ್ಯನಾದವನು ತನ್ನನ್ನು ತಾನು ಸಾರಿಕೊಳ್ಳಬಾರದು, ಬೋರ್ಡಿನ ಮೇಲೆ ಹೆಸರು, ಡಿಗ್ರಿ, ಹೊತ್ತು ಇವಿಷ್ಟೇ ಇರಬೇಕು ಎಂದು ಕಲಿಸಿದ್ದ ಮೇಷ್ಟ್ರುಗಳ ಮಾತನ್ನು ಅವರು ಹೇಳಿದರು. ಇದು ಸಾರಿಕೊಳ್ಳುವುದಲ್ಲ, ತಿಳಿಸುವುದು ಎಂದಳು. ಆದರೆ ಒಂದು ತೊಡಕಿತ್ತು. ಹೃದಯ, ಪಾರ್ಶ್ವವಾಯು, ಕ್ಯಾನ್ಸರ್ ಎಂಬಂಥ ಪ್ರಶ್ನೆಗಳ ಕೆಳಗೆ ಜಾಹೀರಾತು ಬರುವುದಕ್ಕೆ ಅದು ಬಿಡುವುದಿಲ್ಲ. ಊಟ, ಅಜೀರ್ಣ, ಗ್ಯಾಸು, ಇಂಥವುಗಳ ಕೆಳಗೆ ಬಿಡುತ್ತದೆ. ನಮ್ಮ ಕಡೆಯ ಜನ ಅದನ್ನೆಲ್ಲ ಏನೇನೆಂದು ಕೇಳುತ್ತಾರೋ ಬರೆದುಕೊಡಿ ಎಂದಳು. ಅವರು ಅಲ್ಲೇ ಕೂತು ಔಷಧಿ ಚೀಟಿಯ ಹಿಂದೆ ಬರೆದರು. ಎದೆ ಉರಿ. ಎದೆ ಹಿಡ್ಕಂಡದೆ. ವಾಯು ಸೇರ್ಕಂಡದೆ. ಗ್ಯಾಸ್ ತುಂಬ್ಕಂಡದೆ. ತೇಗು ಬತ್ತಿಲ್ಲ. ಇಪ್ಪತ್ತೆರಡು ಮಾತು. ಬರೆಯುತ್ತ ಬರೆಯುತ್ತ ಅವರಿಗೆ ಒಂದು ಹೆಮ್ಮೆ ಬಂದಿತ್ತು. ಮೈಸೂರಿನಿಂದ ಬಂದ ಯಾವ ಡಾಕ್ಟರಿಗೆ ಈ ಮಾತುಗಳು ಗೊತ್ತು. ಮೂವತ್ತನಾಲ್ಕು ವರ್ಷ ಜನ ತಮ್ಮ ಮುಂದೆ ಕೂತು ನರಳಿದ ಮಾತುಗಳನ್ನು ಒಂದೊಂದಾಗಿ ನೆನೆದು ಕೊಟ್ಟುಬಂದರು. ಈ ಸೀಮೆಯಲ್ಲಿ ಗ್ಯಾಸ್ ಎಂದು ಬರುವ ಹತ್ತರಲ್ಲಿ ಒಂದು ಹೃದಯದ್ದು ಎಂಬುದು ಆ ಯಂತ್ರಕ್ಕೆ ಗೊತ್ತಿರಲಿಲ್ಲ, ಮೋನಿಕಾಳಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಬರೆಯುವಾಗಲೂ ಗೊತ್ತಿತ್ತೇ ಎಂದು ಅವರು ಹದಿನಾರು ದಿನದಿಂದ ತಮ್ಮನ್ನು ಕೇಳಿಕೊಳ್ಳುತ್ತಿದ್ದಾರೆ. ಪೆನ್ನು ಒಂದು ಗಳಿಗೆ ನಿಂತಿತ್ತು. ಅಷ್ಟು ನೆನಪಿದೆ.

ಹೊನ್ನಯ್ಯ ಸತ್ತ ಮೂರನೆಯ ದಿನ ಮೋನಿಕಾಳಿಗೆ ಫೋನು ಮಾಡಿ ಅದನ್ನು ನಿಲ್ಲಿಸೆಂದರು. ಚೆನ್ನಾಗಿ ನಡೀತಿದೆಯಲ್ಲ ಎಂದು ಅವಳು ಕಾರಣ ಕೇಳಿದಳು. ಹೇಳಲಿಲ್ಲ. ನಿಲ್ಲಿಸಿದ್ದೇನೆ ಎಂದು ಸಂಜೆ ಅವಳು ತಿಳಿಸಿದಾಗ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯಬಹುದೆಂದು ಕಾದರು. ಸರಿಯಲಿಲ್ಲ.

ಕೆಂಚಯ್ಯ ಬಾಗಿಲಲ್ಲಿ ತಲೆಹಾಕಿ, ಹನೂರು ಕಡೆಯ ಆ ಹೆಂಗಸು ಬಂದಿದ್ದಾಳೆ, ಅವತ್ತಿನವಳು ಎಂದ. ಡಾಕ್ಟರು ಎದ್ದು ನಿಂತರು. ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತರು. ಬೈಯುವುದಕ್ಕೆ ಬಂದಿದ್ದರೆ ಎಷ್ಟೋ ಒಳ್ಳೆಯದು ಎಂದುಕೊಂಡರು. ಶಿವನಂಜಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು, ಗರ್ಭಗುಡಿಯ ಹೊಸ್ತಿಲು ದಾಟುವವಳ ಹಾಗೆ ಒಳಗೆ ಬಂದಳು. ಶಾಂತರಾಜು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾನೆ ಎಂದಳು. ಕುರ್ಚಿ ತೋರಿಸಿದರೂ ತುದಿಯಲ್ಲೇ ಕೂತಳು. ಹನ್ನೊಂದನೆಯ ದಿನದ ಕಾರ್ಯವಾಯಿತು, ಯಾರ್ಯಾರು ಬಂದಿದ್ದರು, ದೀಪ ಮತ್ತೆ ಕಾಲೇಜಿಗೆ ಹೋಗುತ್ತಿಲ್ಲ ಎಂದೆಲ್ಲ ಹೇಳಿ, ಹೇಳುತ್ತ ಹೇಳುತ್ತ ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮಿಂದ ಏನಾರ ತಪ್ಪಾಯ್ತಾ ಸಾ?" ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅತ್ತೆ ಪುಟ್ಟಮಾದಮ್ಮನಿಗೆ ನಿನ್ನೆ ಮಧ್ಯಾಹ್ನದಿಂದ ಎದೆ ಉರಿ. ಎಪ್ಪತ್ತಾರು ವರ್ಷ. ಮಗ ಹೋದ ಮೇಲೆ ಅನ್ನ ಸರಿಯಾಗಿ ಮುಟ್ಟಿಲ್ಲ. ಫೋನನ್ನು ಮಾದಪ್ಪನ ಪಟದ ಮುಂದೆ ಹಿಡಿದು ಕೇಳಿದರು. ಮೂರು ಸಲ ಕೇಳಿದರು. ಮೂರು ಸಲವೂ ಹೆಸರು ಬರಲಿಲ್ಲ. ಸಾವಾದ ಮನೆ, ಮೈಲಿಗೆ ಕಳೆದಿಲ್ಲವೇನೋ ಎಂದು ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು ಇವತ್ತು ಬೆಳಿಗ್ಗೆ ಮತ್ತೆ ಕೇಳಿದರು. ಬರಲಿಲ್ಲ. ಅಪ್ಪಣೆಯಾಗದೆ ನಾನು ಈ ಚಾಪೆ ಬಿಟ್ಟು ಏಳುವುದಿಲ್ಲ ಎಂದು ಮುದುಕಿ ಮಲಗಿಬಿಟ್ಟಿದೆ. ಶಾಂತರಾಜು ಕೂಗಾಡಿದ, ಕೇಳಲಿಲ್ಲ. ದೇವರಿಗೆ ಏನು ಮುನಿಸೋ, ಯಾರ ಹೆಸರು ಬಂದಿತ್ತೋ ಅವರನ್ನೇ ಕೇಳಿಬರೋಣ ಎಂದು ಬಂದಳು.

ನಿನ್ನೆ ಮಧ್ಯಾಹ್ನದಿಂದ. ಡಾಕ್ಟರು ಗಡಿಯಾರ ನೋಡಿದರು. ತಕ್ಷಣ ಕಾಮಗೆರೆಗೆ ಕರೆದುಕೊಂಡು ಹೋಗಿ, ಇಲ್ಲಿಗೆ ತರಬೇಡಿ, ಅದು ಹತ್ತಿರ, ಅಲ್ಲಿ ಎಲ್ಲ ಇದೆ ಎಂದರು. ಸಾಧ್ಯವಾದಷ್ಟು ಮೆತ್ತಗೆ ಹೇಳಬೇಕೆಂದುಕೊಂಡರೂ ದನಿ ಗದರಿದಂತಾಯಿತು. ಶಿವನಂಜಮ್ಮ ತಲೆ ಅಲ್ಲಾಡಿಸಿದಳು. "ನೀವು ಯೋಳ್ತೀರಿ ಸಾ. ಮಾದಪ್ಪ ಬ್ಯಾಡ ಅಂತಾವ್ನಲ್ಲ."

ಅವರ ಕೈ ಮೇಜಿನ ಮೇಲಿನ ಫೋನಿನ ಮೇಲೆ ಹೋಯಿತು. ಮೋನಿಕಾಳಿಗೆ ಒಂದು ಮಾತು ಹೇಳಿದರೆ ಸಾಕು. ಮತ್ತೆ ಹಾಕು ಎಂದರೆ ಒಂದು ಗಂಟೆಯೊಳಗೆ ಹೆಸರು ಬರುತ್ತದೆ. ಮುದುಕಿ ಎದ್ದು ಗಾಡಿ ಹತ್ತುತ್ತಾಳೆ. ಈ ಹೆಂಗಸಿನ ದೇವರು ಈ ಹೆಂಗಸಿಗೆ ಉಳಿಯುತ್ತಾನೆ. ಆದರೆ ಗಾಡಿ ಮತ್ತೆ ಕಾಮಗೆರೆಯ ಗೇಟನ್ನು ದಾಟಿ ಬರುತ್ತದೆ. ಲಕ್ಷ್ಮಿದೇವಿ ಬಾಗಿಲಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದರು ಎಂದು ಮಧ್ಯದ ಬಾಗಿಲಿನ ಕಡೆ ನೋಡಿದರು. ಯಳಂದೂರು ಬಿಟ್ಟು ಇಲ್ಲಿಗೆ ಬಂದು ಕ್ಲಿನಿಕ್ಕು ತೆರೆಯಲೋ ಬೇಡವೋ ಎಂದು ಆಕೆಯೂ ಹೂ ಕೇಳಿದ್ದರು. ಬಲಗಡೆ ಬಿತ್ತು ಎಂದು ಬಂದು ಹೇಳಿದ್ದರು. ಆಗ ಅವರು ಪರೀಕ್ಷಿಸಿರಲಿಲ್ಲ. ಹೆಂಡತಿಯ ಮುಖ ನೋಡಿ ನಂಬಿದ್ದರು. ಈಗ ಈ ಮುಖ ತಮ್ಮನ್ನು ನೋಡುತ್ತ ಕೂತಿದೆ, ನಂಬಿ ಕೂತಿದೆ, ಅದಕ್ಕೆ ತಾವು ಮಾಡಬೇಕಾದದ್ದೇನು. ಶಿವನೇ, ನಾನು ಬಾಯಿ ಬಿಟ್ಟರೆ ಇವಳಿಗೇನು ಉಳಿಯುತ್ತದೆ, ಬಿಡದಿದ್ದರೆ ಆ ಮುದುಕಿಗೇನು ಉಳಿಯುತ್ತದೆ.

"ನೋಡಮ್ಮ," ಎಂದರು. "ಅದು ದೇವರು ಹೇಳಿದ್ದಲ್ಲ. ನಾನು ಹೇಳಿಸಿದ್ದು."

ಅವರು ಹೇಳಿದರು. ಗೋಡೆಯ ಮೇಲೆ ಬಣ್ಣದಲ್ಲಿ ಸೋಪಿನ ಹೆಸರು ಬರೆಸುತ್ತಾರಲ್ಲ, ಹಾಗೆ. ಫೋನಿನ ಉತ್ತರದ ಕೆಳಗೆ ನನ್ನ ಹೆಸರು ಬರಲಿ ಎಂದು ನಾನೇ ಹಾಕಿಸಿದ್ದೆ. ಗ್ಯಾಸ್ ಎಂದು ಯಾರು ಕೇಳಿದರೂ ಬರುತ್ತಿತ್ತು; ನೂರು ಸಲ ಕೇಳಿದ್ದರೆ ನೂರು ಸಲವೂ ಬರುತ್ತಿತ್ತು. ಹೊನ್ನಯ್ಯ ಹೋದ ಮೇಲೆ ನಾನೇ ತೆಗೆಸಿದೆ. ಅದಕ್ಕೇ ನಿನ್ನೆ ಬರಲಿಲ್ಲ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಹೇಳುತ್ತ ಹೋದಂತೆ ಅವರ ದನಿ ಹಗುರವಾಯಿತು. ಹದಿನಾರು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಸಲೀಸಾಗಿ, ತೊದಲದೆ ಬಂತು. ಆ ಹಗುರವನ್ನು ಅವರೇ ಗಮನಿಸಿದರು, ಗಮನಿಸಿ ನಾಚಿದರು. ಯಾಕೆಂದರೆ ಎದುರಿಗೆ ಕೂತವಳ ಮುಖದಲ್ಲಿ ಏನೋ ಒಂದು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅವಳು ಅವರನ್ನು ಬೈಯಲಿಲ್ಲ. ಅವರನ್ನು ನೋಡುತ್ತಲೂ ಇರಲಿಲ್ಲ.

"ಕಾಮಗೆರೆ ತಾವ ಶಾಂತರಾಜ ಗಾಡಿ ಸ್ಲೋ ಮಾಡ್ದ," ಎಂದಳು. "ಇಲ್ಲೇ ತೋರ್ಸುಮಾ ಅತ್ಗೆ ಅಂದ. ನಾನೇ ಬ್ಯಾಡ ಅಂದಿ. ಅವನ ಭುಜ ಹಿಡ್ದು ಜಗ್ದಿ, ನಡೀಲಾ ಮುಂದ್ಕೆ, ಮಾದಪ್ಪ ಯೋಳವ್ನೆ ಅಂದಿ."

ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಕಾಮಗೆರೆ ದಾಟಿ ಬಂದರು ಎಂಬುದಷ್ಟೇ ಗೊತ್ತಿತ್ತು; ದಾಟಿಸಿದವರು ಯಾರು ಎಂದು ಯೋಚಿಸಿರಲಿಲ್ಲ. ಆ ತಪ್ಪೆಲ್ಲ ತಮ್ಮದೇ ಎಂದು ಹದಿನಾರು ದಿನ ಒಬ್ಬರೇ ಹೊತ್ತುಕೊಂಡಿದ್ದರು. ಈಗ ಅದರ ಒಂದು ತುದಿಯನ್ನು ಇವಳ ಹೆಗಲಿಗೆ ಕೊಟ್ಟಂತಾಯಿತು, ಅದೂ ಕೈಯಾರೆ. ಹಾಗಲ್ಲಮ್ಮ ಎಂದರು. ಶಿವನಂಜಮ್ಮ ಬಾಗಿಲ ಕಡೆ ತಿರುಗಿ, ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಶಾಂತರಾಜಂಗೆ ಯೋಳ್ಬ್ಯಾಡಿ ಸಾ."

ಅಷ್ಟರಲ್ಲಿ ಶಾಂತರಾಜು ಬಂದ. ನಲವತ್ತರ ಆಸುಪಾಸಿನವನು, ಕೇಶಮುಂಡನ ಮಾಡಿಸಿದ ತಲೆಯಲ್ಲಿ ಕೂದಲು ಆಗತಾನೇ ಮೂಡಿತ್ತು. ಈ ಊರಿನಲ್ಲಿ ಗಾಡಿ ನಿಲ್ಲಿಸುವುದಕ್ಕಿಂತ ಆನೆ ಕಟ್ಟುವುದು ಸುಲಭ ಎಂದು ಕೆಂಚಯ್ಯನಿಗೆ ಹೇಳುತ್ತಲೇ ಒಳಗೆ ಬಂದವನು ಅತ್ತಿಗೆಯ ಮುಖ ನೋಡಿ ಮಾತು ನಿಲ್ಲಿಸಿದ. ಡಾಕ್ಟರು ಅವನಿಗೆ ಬಿಡುವು ಕೊಡದೆ ಹೇಳಿದರು. ಈಗಲೇ ಮನೆಗೆ ಫೋನು ಮಾಡು, ಯಾರದಾದರೂ ಆಟೋದಲ್ಲಿ ತಾಯಿಯನ್ನು ಕಾಮಗೆರೆಗೆ ಕಳಿಸು, ಎತ್ತಿಕೊಂಡಾದರೂ ಹೋಗಲಿ, ನೀವು ಇಲ್ಲಿಂದ ಹೊರಟು ಅಲ್ಲಿ ಸೇರಿಕೊಳ್ಳಿ. ಅಲ್ಲಿಗೂ ನಾನು ಫೋನು ಮಾಡುತ್ತೇನೆ. ಶಾಂತರಾಜು ಅಲ್ಲೇ ನಿಂತು ಪಕ್ಕದ ಮನೆಯ ಗುರುಮಲ್ಲಪ್ಪನಿಗೆ ಫೋನು ಹಚ್ಚಿದ. ಮುದುಕಿ ಒಪ್ಪುತ್ತಿಲ್ಲವೆಂದು ಆ ಕಡೆಯಿಂದ ಮಾತು ಬಂದಾಗ ಶಿವನಂಜಮ್ಮ ಕೈಚಾಚಿ ಫೋನು ಇಸಕೊಂಡು, ಅಪ್ಪಣೆ ಆಯ್ತು ಕಣತ್ತೆ, ಓಗು ಎಂದು ಎರಡೇ ಮಾತು ಹೇಳಿ ಹಿಂದಕ್ಕೆ ಕೊಟ್ಟಳು. ಅವಳ ದನಿ ಸ್ವಲ್ಪವೂ ಅದುರಲಿಲ್ಲ. ಡಾಕ್ಟರು ಮೇಜಿನ ಮೇಲಿನ ಚೀಟಿಗಳನ್ನು ಸುಮ್ಮನೆ ಜೋಡಿಸಿದರು.

ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟ ಶಾಂತರಾಜು ಬಾಗಿಲಲ್ಲಿ ನಿಂತ. ಕೇಳಲೋ ಬೇಡವೋ ಎಂದು ತಲೆ ಸವರಿಕೊಂಡ.

"ಸಾ, ಅವತ್ತೂ ಕಾಮಗೆರೇಲೇ ನಿಲ್ಸಿದ್ರೆ ಅಣ್ಣ ಉಳೀತಿದ್ನಾ?"

ಅವನ ದನಿಯಲ್ಲಿ ದೂರಿರಲಿಲ್ಲ. ತಿಳಿದುಕೊಳ್ಳಬೇಕು, ಅಷ್ಟೆ. ಶಿವನಂಜಮ್ಮ ನೆಲ ನೋಡುತ್ತ ನಿಂತಿದ್ದಳು. ಮಾತಾಡುತ್ತಿದ್ದ ಮನುಷ್ಯ, ಕಾಮಗೆರೆಯಿಂದ ಇಲ್ಲಿಗೆ ಇಪ್ಪತ್ತು ನಿಮಿಷ, ಅಲ್ಲಿ ಯಂತ್ರವಿತ್ತು, ಔಷಧವಿತ್ತು. ಡಾಕ್ಟರಿಗೆ ಲೆಕ್ಕವೆಲ್ಲ ಬಾಯಿಪಾಠವಾಗಿತ್ತು. "ಇಲ್ಲ," ಎಂದರು. "ಅವತ್ತು ಎಲ್ಲಿಗೆ ಹೋಗಿದ್ದರೂ ಅಷ್ಟೇ ಕಣಪ್ಪ. ದೊಡ್ಡ ಅಟ್ಯಾಕು." ಮೂವತ್ತನಾಲ್ಕು ವರ್ಷದಲ್ಲಿ ಎಷ್ಟೋ ಮನೆಯವರಿಗೆ ಈ ಮಾತನ್ನು ಹೇಳಿದ್ದರು; ಹೆಚ್ಚಿನ ಸಲ ಅದು ನಿಜವಾಗಿತ್ತು. ಶಾಂತರಾಜು ತಲೆಯಾಡಿಸಿದ. ಅವನ ಭುಜ ಒಂದಿಷ್ಟು ಇಳಿಯಿತು. ಆ ಸುಳ್ಳು ಅವಳನ್ನು ಕಾಯಿತು, ಅದರ ಮರೆಯಲ್ಲಿ ತಾವೂ ನಿಂತಂತಾಯಿತು ಎಂದು ಡಾಕ್ಟರಿಗೆ ಆಗಲೇ ಅನ್ನಿಸಿತು. ಅವಳು ಅವರ ಕಡೆ ನೋಡಲಿಲ್ಲ. ಸುಳ್ಳೆಂದು ಅವಳಿಗೆ ತಿಳಿದಿತ್ತು. ಅದು ತನಗಾಗಿ ಹೇಳಿದ್ದೆಂದೂ ತಿಳಿದಿತ್ತು. ಆದರೂ ಅದರಲ್ಲಿ ಅವಳ ಪಾಲಿಗೆ ಯಾವ ಸಮಾಧಾನವೂ ಇರಲಿಲ್ಲ.

ಅವರು ಹೋದ ಮೇಲೆ ಕಾಮಗೆರೆಗೆ ಫೋನು ಮಾಡಿ ವಿಷಯ ತಿಳಿಸಿದರು. ಕಾಯುತ್ತಿದ್ದ ಇಬ್ಬರನ್ನು ನೋಡಿದರು, ಒಬ್ಬನಿಗೆ ಕೆಮ್ಮು, ಇನ್ನೊಬ್ಬಳಿಗೆ ಮೊಣಕಾಲು. ಬಿಸಿಲು ಮೆಟ್ಟಿಲ ಮೇಲಿಂದ ಬೆಂಚಿನವರೆಗೆ ಬಂತು. ಊಟದ ಹೊತ್ತಾಯಿತೆಂದು ಕೆಂಚಯ್ಯ ಎರಡು ಸಲ ಹೇಳಿದ. ಅವರು ಏಳಲಿಲ್ಲ. ಆ ಮುದುಕಿಗೆ ಏನೂ ಆಗದಿರಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡರು. ಬೇಡಿಕೊಳ್ಳುವಾಗ, ಏನಾದರೂ ಒಂದಿಷ್ಟು ಇದ್ದು ಸರಿಯಾದ ಹೊತ್ತಿಗೆ ಸಿಕ್ಕಿದಂತಾಗಲಿ, ತಾವು ಬಾಯಿ ಬಿಟ್ಟದ್ದಕ್ಕೆ ಒಂದು ಜೀವ ಉಳಿದಂತಾಗಲಿ ಎಂಬ ಆಸೆ ಆ ಬೇಡಿಕೆಯ ಅಡಿಯಲ್ಲೇ ಹರಿಯುತ್ತಿರುವುದು ಗೊತ್ತಾಗಿ ಕಣ್ಣು ತೆರೆದುಬಿಟ್ಟರು.

ಎರಡು ಗಂಟೆ ದಾಟಿದ ಮೇಲೆ ಶಾಂತರಾಜುವಿನ ಫೋನು ಬಂತು. ಅವನ ದನಿಯಲ್ಲಿ ನಗುವಿತ್ತು. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಎಲ್ಲ ಸರಿಯಾಗಿದೆಯಂತೆ. ಖಾಲಿ ಹೊಟ್ಟೆಯಲ್ಲಿ ಎಲೆಅಡಿಕೆ ಜಗಿದು ಜಗಿದು ಬಂದ ಉರಿ, ಬರೀ ಗ್ಯಾಸ್ ಅಂತೆ ಸಾ ಎಂದ. ಅವ್ವ ಆಗಲೇ ಕಾಫಿ ಕೇಳುತ್ತಿದೆ ಎಂದ. ಒಳ್ಳೆಯದಾಯಿತು ಎಂದರು ಡಾಕ್ಟರು. ಒಳ್ಳೆಯದಾಯಿತಪ್ಪ ಎಂದು ಮತ್ತೊಮ್ಮೆ ಅಂದರು. ಫೋನು ಇಡಬೇಕೆಂದವರು ಇಡಲಾರದೆ, ಅತ್ತಿಗೆ ಎಲ್ಲಿದ್ದಾರೆ ಎಂದು ಕೇಳಿದರು.

"ಆಚೆ ಗೇಟ್ ತಾವ ಕುಂತವ್ರೆ ಸಾ. ಒಳೀಕೆ ಕರುದ್ರೆ ಬತ್ತಿಲ್ಲ. ರಸ್ತೆಯಿಂದ ಒಳೀಕೆ ಬಂದು ಅವ್ವನ್ನ ಮಂಚದ ಮೇಲೆ ಮಲಗ್ಸೋಗಂಟ ಎಷ್ಟೊತ್ತು ಹಿಡೀತು ಅಂತ ಕೇಳುದ್ರು. ನಾನು ಎರಡು ನಿಮಿಷ ಅಂದಿ. ಆಗಿಂದ ಅಲ್ಲೇ ಕುಂತವ್ರೆ." ಆಮೇಲೆ ಅವನೇ ಕೇಳಿದ. "ಯಾಕ್ ಸಾ?"